ಪೋಷಕ ನಟನ ವೃತ್ತಿ: ಕನ್ನಡ ಸಿನಿಮಾ ಮತ್ತು ಸೀರಿಯಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೀರಿಯಲ್‌ಗಳಿಗೆ ಸಂಭಾಷಣೆ ಬರೆಯುವುದು ನನ್ನ ಕೆಲಸ. ನೆಂಟರ ಮದುವೆಗೆ ಹೋದರೂ ಸಾಕು, ಯಾರಾದರೂ ಮಗನನ್ನೋ ಅಳಿಯನನ್ನೋ ಕರೆದುಕೊಂಡು ಬಂದು ಮುಂದೆ ನಿಲ್ಲಿಸುತ್ತಾರೆ. "ಹೀರೋ ಏನೂ ಬೇಡ ಸಾರ್, ಒಂದು ಕ್ಯಾರೆಕ್ಟರ್ ರೋಲ್ ಕೊಡಿಸಿ ಸಾಕು" ಅನ್ನುತ್ತಾರೆ. ಹೀರೋ ಆಗುವುದಕ್ಕಿಂತ ಅದು ಸುಲಭ ಅನ್ನುವ ನಂಬಿಕೆ. ಆಮೇಲೆ ಶುರುವಾಗುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಪೋಷಕ ನಟ ಅಂದರೆ ಯಾರು? ಹೀರೋ, ಹೀರೋಯಿನ್ ಬಿಟ್ಟು ಉಳಿದವರೆಲ್ಲಾನಾ?

ಲೆಕ್ಕಕ್ಕೆ ಹಾಗೇ ಇಟ್ಟುಕೊಳ್ಳಬಹುದು. ಅಪ್ಪ, ಅಮ್ಮ, ಮೇಷ್ಟ್ರು, ಸಾಹುಕಾರ, ಪೊಲೀಸ್, ಲಾಯರ್, ಮನೆ ಕೆಲಸದವರು, ಪಕ್ಕದ ಮನೆಯವರು, ಹೀರೋನ ಗೆಳೆಯ, ಎಲ್ಲರೂ ಇದರಲ್ಲೇ ಬರುತ್ತಾರೆ. ಸೆಟ್‌ನಲ್ಲಿ ಪೋಷಕ ನಟ ಅಂತ ಯಾರೂ ಕರೆಯುವುದಿಲ್ಲ, ಕ್ಯಾರೆಕ್ಟರ್ ಆರ್ಟಿಸ್ಟ್ ಅನ್ನುತ್ತಾರೆ. ವಿಲನ್ ಮತ್ತು ಕಾಮಿಡಿಯನ್ನು ಕೆಲವರು ಬೇರೆ ಗುಂಪಿಗೆ ಸೇರಿಸುತ್ತಾರೆ. ನನಗೆ ಆ ಗೆರೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ವಜ್ರಮುನಿ ಇಲ್ಲದೆ 'ಸಂಪತ್ತಿಗೆ ಸವಾಲ್' ಇದೆಯಾ? ಅಲ್ಲಿ ಸಾಹುಕಾರ ಎಷ್ಟು ದೊಡ್ಡವನಾಗಿ ಕಾಣುತ್ತಾನೋ, ಅವನ ಎದುರು ನಿಲ್ಲುವ ಹೀರೋ ಭದ್ರನೂ ಅಷ್ಟೇ ದೊಡ್ಡವನಾಗಿ ಕಾಣುತ್ತಾನೆ.

ಜೂನಿಯರ್ ಆರ್ಟಿಸ್ಟ್‌ಗೂ ಇವರಿಗೂ ಏನು ವ್ಯತ್ಯಾಸ?

ಮಾತು ಮತ್ತು ಹೆಸರು. ಸಂತೆಯಲ್ಲಿ ಓಡಾಡುವವರು, ಮದುವೆ ಮನೆಯಲ್ಲಿ ಕೂತವರು ಜೂನಿಯರ್ ಆರ್ಟಿಸ್ಟ್‌ಗಳು. ಅವರನ್ನು ಏಜೆಂಟರು ಗುಂಪಾಗಿ ಕರೆತರುತ್ತಾರೆ. ಸ್ಕ್ರಿಪ್ಟ್‌ನಲ್ಲಿ ಹೆಸರಿದ್ದು, ನಾಲ್ಕು ಮಾತಿದ್ದು, ಕಥೆ ನಿಮ್ಮನ್ನು ನೆನಪಿಟ್ಟುಕೊಂಡರೆ ನೀವು ಕ್ಯಾರೆಕ್ಟರ್ ಆರ್ಟಿಸ್ಟ್. ಅಲ್ಲಿಂದ ಇಲ್ಲಿಗೆ ಬಂದವರು ಇದ್ದಾರೆ, ಆದರೆ ದಾರಿ ಸಲೀಸಲ್ಲ. ಒಂದು ಸಲ ಗುಂಪಿನಲ್ಲಿ ನೋಡಿದ ಮುಖವನ್ನು ಪ್ರೊಡಕ್ಷನ್ ಮ್ಯಾನೇಜರ್‌ಗಳು ಗುಂಪಿಗೇ ಕರೆಯುತ್ತಾರೆ.

ಈ ಕೆಲಸಕ್ಕೆ ಬರುವವರು ಎಲ್ಲಿಂದ ಬರುತ್ತಾರೆ?

ಹಳೆಯ ಕಾಲದಲ್ಲಿ ಉತ್ತರ ಒಂದೇ ಇತ್ತು, ಕಂಪನಿ ನಾಟಕ. 1954ರ 'ಬೇಡರ ಕಣ್ಣಪ್ಪ' ತಗೊಳ್ಳಿ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಅದು. ಅವರೂ ಗುಬ್ಬಿ ಕಂಪನಿಯವರು, ಅದೇ ಚಿತ್ರದಲ್ಲಿದ್ದ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅಲ್ಲಿ ಪಳಗಿದವರು. ತಿಪಟೂರಿನ ನರಸಿಂಹರಾಜು ತೀರಾ ಚಿಕ್ಕ ಹುಡುಗನಾಗಿದ್ದಾಗಲೇ ರಂಗ ಹತ್ತಿದವರು. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿಗೆ ಕೇಳಿಸುವ ಹಾಗೆ ಮಾತಾಡಿ ಕಲಿತವರಿಗೆ ಕ್ಯಾಮೆರಾ ಹೆದರಿಕೆ ಎಲ್ಲಿಂದ ಬರಬೇಕು!

ಆಮೇಲೆ ಹವ್ಯಾಸಿ ರಂಗಭೂಮಿಯ ಕಾಲ ಬಂತು. ಹಗಲು ಆಫೀಸು, ಸಂಜೆ ರಿಹರ್ಸಲ್. ರಮೇಶ್ ಭಟ್ ಶಂಕರ್ ನಾಗ್ ಜತೆ ನಾಟಕ ಮಾಡಿಕೊಂಡಿದ್ದವರು. 'ಅಂಕಲ್' ಲೋಕನಾಥ್ ಕೂಡ ನಾಟಕದವರೇ. 1974ರ 'ಭೂತಯ್ಯನ ಮಗ ಅಯ್ಯು' ಚಿತ್ರದ ಆ ಉಪ್ಪಿನಕಾಯಿ ದೃಶ್ಯ ನೋಡಿದವರಿಗೆ ಅವರ ಮುಖ ಮರೆಯುವುದಿಲ್ಲ.

ನೌಕರಿಯಿಂದ ಬಂದವರ ಪಟ್ಟಿ ಇನ್ನೂ ಮಜವಾಗಿದೆ. ದೊಡ್ಡಣ್ಣ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಜನಾರ್ದನ್ ಬ್ಯಾಂಕಿನಲ್ಲಿದ್ದರು, ಆ ಬ್ಯಾಂಕ್ ಹೆಸರಿನ ಜತೆಗೇ ಉಳಿದುಬಿಟ್ಟಿತು. ಎಲ್ಲರಿಗಿಂತ ದೂರದಿಂದ ಬಂದವರು ದತ್ತಣ್ಣ. ಚಿತ್ರದುರ್ಗದ ಎಚ್.ಜಿ. ದತ್ತಾತ್ರೇಯ ವಾಯುಸೇನೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು, ಆಮೇಲೆ ಎಚ್‌ಎಎಲ್‌ನಲ್ಲಿ ದುಡಿದವರು. ಸಿನಿಮಾಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಬೇರೆ ಯಾವ ವೃತ್ತಿಯಲ್ಲಿ ನಲವತ್ತರ ಮೇಲೆ ಹೊಸಬರಾಗಿ ಸೇರಿ ಇಷ್ಟು ದೂರ ಹೋಗಲು ಸಾಧ್ಯ?

ಹಾಗಾದರೆ ನಟನಾ ಶಾಲೆಗೆ ಹೋಗಲೇಬೇಕಾ?

ಹೋಗಲೇಬೇಕು ಅಂತಿಲ್ಲ, ಹೋದರೆ ಉಪಯೋಗ ಇದೆ. ಹೆಗ್ಗೋಡಿನ ನೀನಾಸಂ ಶುರುವಾಗಿದ್ದು 1949ರಲ್ಲಿ, ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಲ್ಲಿ. ಅದರ ತಿರುಗಾಟ ತಂಡದಲ್ಲಿ ಒಂದು ವರ್ಷ ಊರೂರು ಸುತ್ತಿದವರಿಗೆ ಸೀರಿಯಲ್ ಶೆಡ್ಯೂಲ್ ಏನೂ ಅನ್ನಿಸುವುದಿಲ್ಲ. ಮೈಸೂರಿನ ರಂಗಾಯಣವನ್ನು ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದರು. ಅಲ್ಲಿಂದ ಬಂದ ರಘು ಈಗಲೂ ರಂಗಾಯಣ ರಘು. ಮಂಡ್ಯ ರಮೇಶ್ ಮೈಸೂರಿನಲ್ಲಿ 'ನಟನ' ಅಂತ ತಮ್ಮದೇ ರಂಗಶಾಲೆ ನಡೆಸುತ್ತಿದ್ದಾರೆ.

ಮೂರು ತಿಂಗಳ ಕೋರ್ಸು ಮುಗಿಸಿದ ಕೂಡಲೇ ಸೀರಿಯಲ್‌ನಲ್ಲಿ ಪಾತ್ರ ಗ್ಯಾರಂಟಿ ಅನ್ನುವ ಬೋರ್ಡ್ ಕಂಡರೆ ಮಾತ್ರ ಆಚೆ ಕಡೆ ನಡೆದುಬಿಡಿ. ಪಾತ್ರವನ್ನು ಗ್ಯಾರಂಟಿ ಕೊಡುವ ಅಧಿಕಾರ ನಿರ್ದೇಶಕರಿಗೇ ಇರುವುದಿಲ್ಲ. ಎಷ್ಟೋ ಸಲ ಚಾನೆಲ್‌ನವರು ಫೋಟೋ ನೋಡಿ ಒಪ್ಪಬೇಕು.

ಮೊದಲ ಅವಕಾಶ ಹೇಗೆ ಸಿಗುತ್ತದೆ?

ಸಾಮಾನ್ಯವಾಗಿ ಇನ್ಯಾರೋ ಬರದೇ ಇದ್ದದ್ದರಿಂದ. ತಮಾಷೆಗೆ ಹೇಳುತ್ತಿಲ್ಲ. ಡಾಕ್ಟರ್ ಪಾತ್ರದವರಿಗೆ ಜ್ವರ, ನಾಳೆ ಬೆಳಿಗ್ಗೆ ಶೂಟಿಂಗ್, ಮ್ಯಾನೇಜರ್ ಫೋನಿನಲ್ಲಿರುವ ಹೆಸರುಗಳನ್ನು ಒಂದೊಂದೇ ಒತ್ತುತ್ತಾನೆ. ಆ ಪಟ್ಟಿಯಲ್ಲಿ ಇರುವುದೇ ಮೊದಲ ಮೆಟ್ಟಿಲು. ನಾಟಕ ಮಾಡುತ್ತಿದ್ದರೆ ಯಾರಾದರೂ ಅಸಿಸ್ಟೆಂಟ್ ಡೈರೆಕ್ಟರ್ ನೋಡಿರುತ್ತಾರೆ. ಆಡಿಷನ್‌ಗೆ ಹೋದರೆ ಕಾಸ್ಟಿಂಗ್‌ನವರ ಹತ್ತಿರ ವಿಡಿಯೋ ಉಳಿದಿರುತ್ತದೆ. ಮೇಕಪ್ ಇಲ್ಲದ ನಾಲ್ಕು ಫೋಟೋ, ಒಂದು ನಿಮಿಷದ ವಿಡಿಯೋ, ಎತ್ತರ, ವಯಸ್ಸು, ಬರುವ ಭಾಷೆ, ಗಾಡಿ ಓಡಿಸಲು ಬರುತ್ತದಾ, ಇಷ್ಟು ಸಾಕು. ಕೂಲಿಂಗ್ ಗ್ಲಾಸ್ ಹಾಕಿದ ಫೋಟೋ ಕಳಿಸಬೇಡಿ. ಅಪ್ಪನ ಪಾತ್ರಕ್ಕೆ ಕಣ್ಣು ಬೇಕು.

ಪಾತ್ರಕ್ಕೆ ದುಡ್ಡು ಕೇಳಿದರೆ?

ಕೊಡಬೇಡಿ. ರಿಜಿಸ್ಟ್ರೇಷನ್, ಪೋರ್ಟ್‌ಫೋಲಿಯೋ, ಆರ್ಟಿಸ್ಟ್ ಕಾರ್ಡ್, ಹೆಸರು ಏನೇ ಇಟ್ಟರೂ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು.

ಚಂದ್ರು ಅಂದರೆ ಸಾಲದು, ಮುಖ್ಯಮಂತ್ರಿ ಚಂದ್ರು, ಸಿಹಿಕಹಿ ಚಂದ್ರು ಅನ್ನಬೇಕು. ಹೆಸರಿಗೆ ಇವೆಲ್ಲ ಯಾಕೆ ಅಂಟಿಕೊಳ್ಳುತ್ತವೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹೀರೋಗೆ ಬಿರುದು ಕೊಡುತ್ತಾರೆ, ಪೋಷಕ ನಟರಿಗೆ ಜನ ವಿಳಾಸ ಕೊಡುತ್ತಾರೆ. ಶ್ರೀನಿವಾಸ್ ಅನ್ನುವವರು 1966ರಲ್ಲಿ 'ತೂಗುದೀಪ' ಚಿತ್ರದಲ್ಲಿ ಕಾಣಿಸಿಕೊಂಡರು. ಆಮೇಲೆ ಜೀವನವಿಡೀ ತೂಗುದೀಪ ಶ್ರೀನಿವಾಸ್. ಈಗ ಆ ಹೆಸರು ಮನೆತನದ ಹೆಸರೇ ಆಗಿದೆ. ಚಂದ್ರಶೇಖರ್ ಅವರು 'ಮುಖ್ಯಮಂತ್ರಿ' ನಾಟಕದಲ್ಲಿ ಮುಖ್ಯಮಂತ್ರಿ ಆದರು, ನೂರಾರು ಪ್ರದರ್ಶನ ಕೊಟ್ಟರು. ಪದವಿ ಹೆಸರಿನಿಂದ ಇಳಿಯಲೇ ಇಲ್ಲ. 1985ರಲ್ಲಿ ಗೌರಿಬಿದನೂರಿನಿಂದ ನಿಜವಾಗಿಯೂ ಶಾಸಕರಾದರು. ಇನ್ನೊಬ್ಬ ಚಂದ್ರುಗೆ ದೂರದರ್ಶನದ 'ಸಿಹಿಕಹಿ' ಸೀರಿಯಲ್ ಅಂಟಿತು.

ಹೆಸರು ಹೀಗೆ ಅಂಟಿದರೆ ಒಳ್ಳೆಯದೇ. "ಯಾರ್ರೀ ಅದು, ದಪ್ಪ ಮೀಸೆಯವರು" ಅಂತ ಮ್ಯಾನೇಜರ್ ತಡಕಾಡುವ ಕಷ್ಟ ತಪ್ಪುತ್ತದೆ. ಎರಡನೇ ಸಲ ಕರೆ ಬರಬೇಕಾದರೆ ಮೊದಲು ನೆನಪಾಗಬೇಕು.

ಎರಡನೇ ಸಲ ಕರೆ ಬರುವುದು ಅಷ್ಟು ದೊಡ್ಡ ವಿಷಯವಾ?

ಈ ವೃತ್ತಿಯಲ್ಲಿ ಅದೇ ದೊಡ್ಡ ವಿಷಯ. ಹೀರೋನ ಭವಿಷ್ಯ ಶುಕ್ರವಾರದ ಕಲೆಕ್ಷನ್ ನಿರ್ಧರಿಸುತ್ತದೆ. ಪೋಷಕ ನಟನ ಭವಿಷ್ಯ ನಿರ್ಧಾರ ಆಗುವುದು ಸೆಟ್‌ನಲ್ಲಿ. ಸಿನಿಮಾ ಸೋತರೂ "ಅವರು ಟೈಮಿಗೆ ಬರುತ್ತಾರಪ್ಪಾ, ಎರಡು ಟೇಕಲ್ಲಿ ಮುಗಿಸುತ್ತಾರೆ" ಅನ್ನುವ ಮಾತು ಉಳಿಯುತ್ತದೆ. ನೂರಾರು ಚಿತ್ರ ಮಾಡಿದವರೆಲ್ಲ ಇದೇ ಮಾತಿನ ಮೇಲೆ ಬದುಕಿದವರು. ನರಸಿಂಹರಾಜು ಅವರ ಕಾಲ್‌ಶೀಟ್, ಅಂದರೆ ಶೂಟಿಂಗ್ ದಿನಗಳು, ಸಿಕ್ಕ ಮೇಲೆ ಹೀರೋನ ಡೇಟ್ ಕೇಳುತ್ತಿದ್ದರು ಅಂತ ಸಿನಿಮಾ ವ್ಯವಹಾರದ ಗಾಂಧಿನಗರದ ಹಳಬರು ಈಗಲೂ ಹೇಳುತ್ತಾರೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೂ ಹಾಗೊಂದು ಮಾತು ಹುಟ್ಟಿದ್ದೇ ಸಣ್ಣ ಸಂಗತಿ ಅಲ್ಲ.

ಒಳ್ಳೆಯ ಪೋಷಕ ನಟನೆಯನ್ನು ಗುರುತಿಸುವುದು ಹೇಗೆ?

ಮಾತಾಡುತ್ತಿರುವವರನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವರನ್ನು ನೋಡಿ.

1972ರ 'ನಾಗರಹಾವು' ಮತ್ತೊಂದು ಸಲ ಹಾಕಿಕೊಂಡು ನೋಡಿ. ರಾಮಾಚಾರಿ ಊರಿಗೆಲ್ಲ ಪುಂಡ. ಚಿತ್ರದುರ್ಗದ ಜನ ಬೈಯುತ್ತಾರೆ, ಕಾಲೇಜಿನವರು ಬೈಯುತ್ತಾರೆ, ಮನೆಯಲ್ಲೂ ಸಮಾಧಾನ ಇಲ್ಲ. ನಾವು ಮಾತ್ರ ಅವನನ್ನು ಪ್ರೀತಿಸುತ್ತೇವೆ. ಯಾಕೆ? ಚಾಮಯ್ಯ ಮೇಷ್ಟ್ರು ಪ್ರೀತಿಸುತ್ತಾರೆ, ಅದಕ್ಕೆ. ಕೆ.ಎಸ್. ಅಶ್ವತ್ಥ್ ಆ ಹುಡುಗನನ್ನು ನೋಡುವ ರೀತಿಯಲ್ಲೇ ಇವನೊಳಗೆ ಏನೋ ಇದೆ ಅನ್ನುವ ನಂಬಿಕೆ ಇದೆ. ಅದು ನಮಗೂ ದಾಟುತ್ತದೆ. ವಿಷ್ಣುವರ್ಧನ್ ಆಗ ನಾಯಕನಾಗಿ ಹೊಸಬರು. ಪುಟ್ಟಣ್ಣ ಕಣಗಾಲರು ಹೊಸ ಹುಡುಗನ ಎದುರು ಇಂಥ ಗಟ್ಟಿ ಕಲಾವಿದರನ್ನು ನಿಲ್ಲಿಸಿದ್ದು ಸುಮ್ನೆ ಅಲ್ಲ. ಅದೇ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ, ಅಲ್ಲಿಂದಲೇ ಎಲ್ಲ ಹಾಳಾಗುತ್ತದೆ. ಮೇಷ್ಟ್ರು ಕೆಟ್ಟವರಾಗಿ ಕಂಡಿದ್ದರೆ ಕಥೆ ಸಲೀಸಾಗುತ್ತಿತ್ತು. ಅಶ್ವತ್ಥ್ ಅವರನ್ನು ಒಳ್ಳೆಯವರಾಗಿಯೇ ಇಟ್ಟರು. ಅದಕ್ಕೇ ಕೊನೆಯ ಬೆಟ್ಟದ ದೃಶ್ಯ ಅಷ್ಟು ನೋಯಿಸುತ್ತದೆ. ಆಗ ಅವರಿಗೆ 47 ವರ್ಷ.

ಕೇಳಿಸಿಕೊಳ್ಳುವ ಮಾತು ಬಂದಾಗ ಬಾಲಕೃಷ್ಣ ಅವರನ್ನು ಬಿಡಲು ಆಗುವುದಿಲ್ಲ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಹಿಡಿಯುತ್ತಿದ್ದರು. ನೋಡುವವರಿಗೆ ಅದರ ಸುಳಿವೇ ಸಿಗದ ಹಾಗೆ ನೂರಾರು ಚಿತ್ರ ಮಾಡಿದರು. ಕಾಮಿಡಿಯಲ್ಲಿ ಅರ್ಧ ಕ್ಷಣ ಆಚೀಚೆ ಆದರೂ ನಗು ಸತ್ತುಹೋಗುತ್ತದೆ, ಅವರ ಟೈಮಿಂಗ್ ಮಾತ್ರ ತಪ್ಪುತ್ತಿರಲಿಲ್ಲ. ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೋ ಕಟ್ಟಿದ್ದೂ ಅವರೇ. ಕಿವಿ ಸರಿಯಾಗಿರುವ ನಮ್ಮ ಕೆಲವು ಕಲಾವಿದರು ಎದುರಿನವರ ಮಾತು ಮುಗಿಯುವುದನ್ನೇ ಕಾಯುತ್ತಾ ಫೋನ್ ಕಡೆ ಕಣ್ಣಾಡಿಸುವುದನ್ನು ನೋಡಿದಾಗ ನನಗೆ ಅವರ ನೆನಪಾಗುತ್ತದೆ.

ಮೂವತ್ತೈದಕ್ಕೇ ಅಪ್ಪನ ಪಾತ್ರ ಬಂದಿದೆ. ಒಪ್ಪಿಕೊಳ್ಳಲಾ?

ಒಪ್ಪಿಕೊಳ್ಳಿ. ಕೂದಲಿಗೆ ಬಿಳಿ ಬಣ್ಣ ಹಚ್ಚಿದರೆ ಯಾರೂ ನಿಜಕ್ಕೂ ಮುದುಕರಾಗುವುದಿಲ್ಲ. ಅಶ್ವತ್ಥ್ ರಾಜ್‌ಕುಮಾರ್‌ಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ಅಷ್ಟೇ. ಆದರೂ ತೆರೆ ಮೇಲೆ ಅವರಿಗೆ ಹಿರಿಯರಾಗಿಯೇ ಕಾಣಿಸಿಕೊಂಡರು. ಒಮ್ಮೆ ಅಪ್ಪನಾದ ಮೇಲೆ ನಾಯಕನ ಗೆಳೆಯನಾಗಿ ಹಿಂದಕ್ಕೆ ಬರುವುದು ಕಷ್ಟ, ನಿಜ. ಆದರೆ ಗೆಳೆಯನ ಪಾತ್ರಕ್ಕೆ ಆಯಸ್ಸು ಹತ್ತು ವರ್ಷ. ಅಪ್ಪನ ಪಾತ್ರಕ್ಕೆ ಮೂವತ್ತು.

ನಟಿಯರ ವಿಷಯದಲ್ಲೂ ಹೀಗೇನಾ?

ಅವರ ವಿಷಯದಲ್ಲಿ ಲೆಕ್ಕ ಕ್ರೂರ. ಪಂಢರಿಬಾಯಿ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ. 1986ರ 'ಅನುರಾಗ ಅರಳಿತು' ಚಿತ್ರದಲ್ಲಿ ಅದೇ ರಾಜ್‌ಕುಮಾರ್‌ಗೆ ತಾಯಿ. ಮೂವತ್ತೆರಡು ವರ್ಷದಲ್ಲಿ ನಾಯಕ ನಾಯಕನಾಗಿಯೇ ಉಳಿದರು. ಅದೇ ಕಥೆ ತಮಿಳಿನಲ್ಲಿ 'ಮನ್ನನ್' ಆದಾಗ ಪಂಢರಿಬಾಯಿ ರಜನಿಕಾಂತ್‌ಗೂ ತಾಯಿಯಾದರು. ಲೀಲಾವತಿ ಕೂಡ ನಾಯಕಿಯಾಗಿ ಮೆರೆದು ಆಮೇಲೆ ತಾಯಿ ಪಾತ್ರಕ್ಕೆ ಬಂದವರು. ಇಬ್ಬರೂ ಆ ಪಾತ್ರಗಳನ್ನು ಎಷ್ಟು ಚೆನ್ನಾಗಿ ಮಾಡಿದರು ಅಂದರೆ ಅನ್ಯಾಯ ಆಯಿತು ಅಂತ ಪ್ರೇಕ್ಷಕರಿಗೆ ಅನ್ನಿಸಲೇ ಇಲ್ಲ. ಅದೇ ಸಮಸ್ಯೆ.

ಉಮಾಶ್ರೀ ಅವರ ದಾರಿ ಬೇರೆ. ರಂಗಭೂಮಿಯಲ್ಲಿ 'ಒಡಲಾಳ'ದ ಸಾಕವ್ವನಾಗಿ ಎಲ್ಲರ ಬಾಯಿ ಕಟ್ಟಿಸಿದವರನ್ನು ಸಿನಿಮಾ ವರ್ಷಗಟ್ಟಲೆ ಕಾಮಿಡಿಗೆ ಬಳಸಿಕೊಂಡಿತು. ಕೆಲವು ಪಾತ್ರಗಳು ಚೆನ್ನಾಗಿದ್ದವು, ಬಹಳಷ್ಟು ಹಾಗಿರಲಿಲ್ಲ. ಆಮೇಲೆ ಗಿರೀಶ್ ಕಾಸರವಳ್ಳಿ 'ಗುಲಾಬಿ ಟಾಕೀಸು' ಮಾಡಿದರು. 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಉಮಾಶ್ರೀಗೆ ಬಂತು. 2013ರಲ್ಲಿ ರಾಜ್ಯದ ಮಂತ್ರಿಯಾದರು. 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನಲ್ಲಿ ಕಥೆಯ ಹೆಸರೇ ಅವರ ಪಾತ್ರದ್ದು. ಇಂದು ಐವತ್ತು ದಾಟಿದ ನಟಿಗೆ ಸಿನಿಮಾಕ್ಕಿಂತ ಸೀರಿಯಲ್‌ನಲ್ಲಿ ತೂಕದ ಪಾತ್ರ ಜಾಸ್ತಿ ಸಿಗುತ್ತದೆ. ಸೀರಿಯಲ್ ಅಂದರೆ ಮೂಗು ಮುರಿಯುವವರು ಇದನ್ನೂ ಸ್ವಲ್ಪ ನೋಡಬೇಕು.

ಸೀರಿಯಲ್ ಸೆಟ್‌ನಲ್ಲಿ ಒಂದು ದಿನ ಹೇಗಿರುತ್ತದೆ?

ಬೆಂಗಳೂರಿನ ಹೊರಭಾಗದ ಯಾವುದೋ ಬಾಡಿಗೆ ಬಂಗಲೆ. ಬೆಳಿಗ್ಗೆ ಏಳಕ್ಕೆ ಕಾಲ್‌ಟೈಮ್. ಇಡ್ಲಿ, ಮೇಕಪ್, ಆಮೇಲೆ ಕಾಯುವುದು. ಆ ದಿನದ ಸೀನ್ ಪೇಪರ್ ಕೆಲವೊಮ್ಮೆ ನೀವು ಹೋಗುವ ಮುಂಚೆ ಬಂದಿರುತ್ತದೆ, ಕೆಲವೊಮ್ಮೆ ಮೇಕಪ್ ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಬರುತ್ತದೆ. ತಡವಾದರೆ ತಪ್ಪು ನಮ್ಮಂಥ ಬರೆಯುವವರದ್ದು, ಒಪ್ಪುತ್ತೇನೆ. ಚಾನೆಲ್ ರಾತ್ರಿ ಕಥೆ ಬದಲಿಸಿದರೆ ನಾವಾದರೂ ಏನು ಮಾಡಬೇಕು? ಅರ್ಧ ಗಂಟೆಯ ಸ್ಲಾಟಿಗೆ ಜಾಹೀರಾತು ಕಳೆದು ಸುಮಾರು 20ರಿಂದ 22 ನಿಮಿಷದ ಕಥೆ ಬೇಕು. ವಾರದಲ್ಲಿ ಐದಾರು ದಿನ ಪ್ರಸಾರ. ಮುಂಚೆಯೇ ತೆಗೆದಿಟ್ಟ ಎಪಿಸೋಡ್‌ಗಳ ಬ್ಯಾಂಕ್ ಕಮ್ಮಿಯಾದರೆ ರಾತ್ರಿ ಒಂಬತ್ತಾದರೂ ಪ್ಯಾಕಪ್ ಇಲ್ಲ.

ಎಲ್ಲಕ್ಕಿಂತ ಕಷ್ಟದ ಸೀನ್ ಯಾವುದು ಗೊತ್ತಾ? ಅಳುವ ಸೀನ್ ಅಲ್ಲ, ಊಟದ ಸೀನ್. ಎಂಟು ಜನ ಡೈನಿಂಗ್ ಟೇಬಲ್ ಸುತ್ತ ಕೂತಿರುತ್ತಾರೆ. ಮೊದಲು ಎಲ್ಲರೂ ಕಾಣುವ ಮಾಸ್ಟರ್ ಶಾಟ್. ಅದರಲ್ಲಿ ಅಪ್ಪ "ಮದುವೆ" ಅನ್ನುವಾಗ ದೋಸೆ ಮುರಿದ ಅಂತಿಟ್ಟುಕೊಳ್ಳಿ. ಆಮೇಲೆ ಒಬ್ಬೊಬ್ಬರದ್ದೇ ಕ್ಲೋಸಪ್ ತೆಗೆಯುವಾಗಲೂ ಅವನು "ಮದುವೆ" ಅನ್ನುವಾಗಲೇ, ಅದೇ ಕೈಯಲ್ಲಿ, ಅಷ್ಟೇ ದೋಸೆ ಮುರಿಯಬೇಕು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ದೋಸೆ ಒಮ್ಮೆ ತುಂಡು, ಒಮ್ಮೆ ಇಡಿ. ದೋಸೆಯೋ ತಣ್ಣಗಾಗಿ ಚರ್ಮದ ಹಾಗಾಗಿರುತ್ತದೆ. ಹೊಸಬರು ಸಹಜವಾಗಿರಲಿ ಅಂತ ನಿಜವಾಗಿ ತಿಂದುಬಿಡುತ್ತಾರೆ. ನಾಲ್ಕನೇ ಟೇಕಿಗೆ ಹೊಟ್ಟೆ ತುಂಬಿ, ಆರನೆಯದಕ್ಕೆ ವಾಕರಿಕೆ.

ಒಬ್ಬ ಹಿರಿಯ ಕಲಾವಿದರು ಮಾಡಿದ್ದನ್ನು ನಾನು ಮಾನಿಟರ್ ಪಕ್ಕ ನಿಂತು ನೋಡಿದ್ದೇನೆ. ಸೀನ್ ಶುರುವಾಗುವ ಮುಂಚೆಯೇ ಕಾಫಿ ಲೋಟವನ್ನು ಎಡಗೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ಕೂತರು. ಸೀನ್ ಮುಗಿಯುವ ತನಕ ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. ಸಿಟ್ಟು ಬರುವ ಕಡೆ ಲೋಟದ ಅಂಚನ್ನು ಹೆಬ್ಬೆರಳಿನಿಂದ ಒಂದು ಸುತ್ತು ಸವರಿದರು, ಅಷ್ಟೇ. ಎಡಿಟರ್ ಎಲ್ಲಿ ಬೇಕಾದರೂ ಕತ್ತರಿಸಬಹುದು, ಲೋಟ ಅಲ್ಲೇ ಇರುತ್ತದೆ. ಪ್ರಸಾರ ಆದಾಗ ಆ ಹೆಬ್ಬೆರಳಿಗೇ ಒಂದು ಕ್ಲೋಸಪ್ ಇತ್ತು. ಅವರ ಕ್ಲೋಸಪ್ ಪಕ್ಕದಲ್ಲಿದ್ದವರಿಗಿಂತ ಜಾಸ್ತಿ ಬಳಕೆಯಾಗಿತ್ತು, ಯಾಕೆಂದರೆ ಅವರದ್ದು ಎಲ್ಲಿಟ್ಟರೂ ಹೊಂದುತ್ತಿತ್ತು. ಕೇಳಿ ಪಡೆದ ಜಾಗ ಅಲ್ಲ ಅದು.

ಪ್ರಾಂಪ್ಟಿಂಗ್ ಇರುತ್ತದಂತೆ. ಹಾಗಾದರೆ ಡೈಲಾಗ್ ಬಾಯಿಪಾಠ ಯಾಕೆ ಬೇಕು?

ಕ್ಯಾಮೆರಾ ಹಿಂದಿನಿಂದ ಅಸಿಸ್ಟೆಂಟ್ ಓದುತ್ತಾ ಹೋಗುತ್ತಾನೆ, ಅದನ್ನು ಹಿಡಿದು ಹೇಳುವವರು ಬಹಳ ಮಂದಿ ಇದ್ದಾರೆ. ಅದೂ ಒಂದು ಕೌಶಲವೇ. ಆದರೆ ಕಿವಿ ಪ್ರಾಂಪ್ಟರ್ ಕಡೆ ಇದ್ದಾಗ ಕಣ್ಣು ಖಾಲಿಯಾಗುತ್ತದೆ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರದಿದ್ದರೂ ಏನೋ ತಪ್ಪಾಗಿದೆ ಅಂತ ಗೊತ್ತಾಗುತ್ತದೆ.

ಸಿನಿಮಾ ಒಳ್ಳೆಯದಾ, ಸೀರಿಯಲ್ ಒಳ್ಳೆಯದಾ?

ಬಾಡಿಗೆ ಕಟ್ಟಲು ಸೀರಿಯಲ್, ನೆನಪಿನಲ್ಲಿ ಉಳಿಯಲು ಸಿನಿಮಾ ಅನ್ನುವುದು ಹಳೆಯ ಮಾತು. ಈಗ ಪೂರ್ತಿ ನಿಜವಲ್ಲ. 1994ರಲ್ಲಿ ಉದಯ ಟಿವಿ ಬಂದ ಮೇಲೆ, ಆಮೇಲೆ ಒಂದೊಂದಾಗಿ ಬೇರೆ ಚಾನೆಲ್‌ಗಳು ಬಂದ ಮೇಲೆ ಕ್ಯಾರೆಕ್ಟರ್ ಆರ್ಟಿಸ್ಟ್‌ಗಳಿಗೆ ಮೊದಲ ಬಾರಿ ತಿಂಗಳ ಲೆಕ್ಕದ ಕೆಲಸ ಸಿಕ್ಕಿತು. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ', 'ಮುಕ್ತ' ನೋಡಿದವರಿಗೆ ಗೊತ್ತು, ಅಲ್ಲಿ ಹೀರೋ ಅಂತ ಒಬ್ಬನನ್ನು ಬೆರಳಿಟ್ಟು ತೋರಿಸುವುದೇ ಕಷ್ಟ. ಕೋರ್ಟ್ ಸೀನ್‌ನಲ್ಲಿ ಸಾಕ್ಷಿ ಹೇಳಲು ಬಂದವರಿಗೂ ಒಂದು ಬದುಕು ಇರುತ್ತಿತ್ತು. ಅಚ್ಯುತ್ ಕುಮಾರ್ ಕೂಡ ಕಾಸರವಳ್ಳಿಯವರ 'ಗೃಹಭಂಗ' ಸೀರಿಯಲ್‌ನಲ್ಲಿ ಕಾಣಿಸಿಕೊಂಡವರೇ. ಈಗ ಅವರಿಲ್ಲದ ದೊಡ್ಡ ಕನ್ನಡ ಚಿತ್ರ ಹುಡುಕಬೇಕು.

ಸೀರಿಯಲ್‌ನ ಅಪಾಯ ಬೇರೆ. ಟಿಆರ್‌ಪಿ, ಅಂದರೆ ನೋಡುವವರ ಲೆಕ್ಕ, ಬಿದ್ದರೆ ಕಥೆಯಲ್ಲಿ ಮೊದಲು ವಿದೇಶಕ್ಕೆ ಹೋಗುವವರು ಚಿಕ್ಕಪ್ಪ ಮತ್ತು ಚಿಕ್ಕಮ್ಮ. ಕೆಲವು ಸಲ ಫೋಟೋಗೆ ಹಾರ ಬೀಳುತ್ತದೆ. ನಾನೇ ಎಷ್ಟೋ ಜನರನ್ನು ಹೀಗೆ ಕಳಿಸಿದ್ದೇನೆ. ಬರೆಯುವಾಗ ಅವರ ಮನೆ ಸಾಲ ನೆನಪಾದರೆ ಪೆನ್ನು ಓಡುವುದಿಲ್ಲ.

ಸಂಬಳ ಎಷ್ಟು?

ಒಂದು ಅಂಕಿ ಹೇಳಿದರೆ ಅದು ಸುಳ್ಳಾಗುತ್ತದೆ. ಒಂದೇ ಸೆಟ್‌ನಲ್ಲಿ ಪಕ್ಕಪಕ್ಕ ಕೂತ ಇಬ್ಬರ ದಿನದ ಪೇಮೆಂಟ್ ನಡುವೆ ಹತ್ತು ಪಟ್ಟು ಅಂತರ ಇರಬಹುದು. ಪದ್ಧತಿ ಹೇಳಬಲ್ಲೆ. ಸೀರಿಯಲ್‌ನಲ್ಲಿ ದಿನಕ್ಕೆ ಇಷ್ಟು, ತಿಂಗಳಿಗೆ ಸುಮಾರು ಇಷ್ಟು ದಿನ ಅಂತ ಮಾತು. ಸಿನಿಮಾದಲ್ಲಿ ದಿನದ ಲೆಕ್ಕ ಅಥವಾ ಇಡೀ ಚಿತ್ರಕ್ಕೆ ಪ್ಯಾಕೇಜ್. ಪ್ಯಾಕೇಜ್ ಒಪ್ಪುವ ಮುಂಚೆ ಎಷ್ಟು ದಿನ ಅಂತ ಬರೆಸಿಕೊಳ್ಳಿ, ಇಲ್ಲದಿದ್ದರೆ ಹದಿನೈದು ದಿನ ಇಪ್ಪತ್ತೈದಾಗುತ್ತದೆ. ಸೀರಿಯಲ್ ದುಡ್ಡು ಕೈಗೆ ಬರುವುದು ಕೆಲಸ ಮಾಡಿ ಒಂದೆರಡು ತಿಂಗಳ ಮೇಲೆ. ಸಾಮಾನ್ಯವಾಗಿ ಶೇ 10 ಟಿಡಿಎಸ್, ಅಂದರೆ ಮುಂಚಿತವಾಗಿ ಆದಾಯ ತೆರಿಗೆ, ಹಿಡಿಯುತ್ತಾರೆ, ರಿಟರ್ನ್ಸ್ ಹಾಕಿದರೆ ಎಷ್ಟೋ ಜನರಿಗೆ ಅದರಲ್ಲಿ ವಾಪಸ್ ಬರುತ್ತದೆ. ಪ್ಯಾನ್ ಕಾರ್ಡ್ ಕೊಟ್ಟು ಮರೆತುಬಿಡುವವರೇ ಜಾಸ್ತಿ.

ಸಿನಿಮಾದವರು ಹೊಸಬರಿಗೆ ಗುಟ್ಟಾಗಿ ಹೇಳಿಕೊಡುವ ಮಾತು ಒಂದಿದೆ. ಬಾಕಿ ದುಡ್ಡನ್ನು ಡಬ್ಬಿಂಗ್‌ಗೆ ಮುಂಚೆ ಕೇಳು. ನಿಮ್ಮ ದನಿ ಇಲ್ಲದೆ ಚಿತ್ರ ಮುಗಿಯುವುದಿಲ್ಲ. ಡಬ್ಬಿಂಗ್ ಆದ ಮರುದಿನದಿಂದ ನಿರ್ಮಾಪಕರ ಫೋನ್ ಬಿಜಿ. ನನ್ನ ಒಂದು ಚೆಕ್ ಬೌನ್ಸ್ ಆಗಿ ಹಾಗೇ ಫೈಲಿನಲ್ಲಿದೆ. ಬರೆಯುವವರಿಗೆ ಡಬ್ಬಿಂಗ್ ಇಲ್ಲವಲ್ಲ!

ಒಂದೇ ಥರದ ಪಾತ್ರ ಬರುತ್ತಿದೆ. ಬೇಡ ಅನ್ನಲಾ?

ಮೂರು ವರ್ಷದ ತನಕ ಬೇಡ ಅನ್ನಬೇಡಿ. ಆಮೇಲೆ ಒಂದೊಂದಾಗಿ ಬಿಡಿ. ಇನ್‌ಸ್ಪೆಕ್ಟರ್ ಪಾತ್ರಕ್ಕೆ ನಿಮ್ಮನ್ನೇ ಕರೆಯುತ್ತಾರೆ ಅಂದರೆ ನೀವು ಅಲ್ಲಿ ನಂಬಿಕೆ ಗಳಿಸಿದ್ದೀರಿ ಅಂತ ಅರ್ಥ. ಬೇರೆ ಪಾತ್ರ ಬೇಕಿದ್ದರೆ ನಾಟಕಕ್ಕೆ ಹಿಂದಿರುಗಿ, ಅಲ್ಲಿ ಬೇರೆ ಮುಖ ತೋರಿಸಿ. ನಿರ್ದೇಶಕರು ನಾಟಕ ನೋಡಲು ಬರುತ್ತಾರೆ, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುತ್ತಾರೆ.

ಬೇರೆ ಭಾಷೆಗೆ ಹೋಗಬಹುದಾ?

ಹೊಸ ವಿಷಯವೇನಲ್ಲ. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಮಾಡಿದಾಗ ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ರಮೇಶ್ ಭಟ್ ಎಲ್ಲ ದೇಶದ ಮನೆಮನೆಗೂ ಹೋದರು. ಪ್ರಕಾಶ್ ರೈ ದೂರದರ್ಶನದ 'ಗುಡ್ಡದ ಭೂತ'ದಲ್ಲಿ ಕಂಡ ಹುಡುಗ. ಕೆ. ಬಾಲಚಂದರ್ 1994ರ 'ಡ್ಯುಯೆಟ್'ನಿಂದ ಅವರನ್ನು ತಮಿಳಿಗೆ ಕರೆದೊಯ್ದರು, ಪ್ರಕಾಶ್ ರಾಜ್ ಆದರು. 'ಇರುವರ್' ಚಿತ್ರಕ್ಕೆ ಅತ್ಯುತ್ತಮ ಪೋಷಕ ನಟ, 'ಕಾಂಚೀವರಂ' ಚಿತ್ರಕ್ಕೆ ಅತ್ಯುತ್ತಮ ನಟ, ಎರಡೂ ರಾಷ್ಟ್ರಪ್ರಶಸ್ತಿ. ದತ್ತಣ್ಣ 2019ರಲ್ಲಿ ಹಿಂದಿಯ 'ಮಿಷನ್ ಮಂಗಲ್'ನಲ್ಲಿ ಹಿರಿಯ ವಿಜ್ಞಾನಿಯಾಗಿ ಬಂದಾಗ ಅವರಿಗೆ 77. 'ಕೆಜಿಎಫ್', 'ಕಾಂತಾರ' ಆದ ಮೇಲೆ ನಮ್ಮವರಿಗೆ ಹೊರಗಿನಿಂದ ಫೋನ್ ಬರುವುದು ಜಾಸ್ತಿಯಾಗಿದೆ. 'ಕಾಂತಾರ'ದಲ್ಲಿ ಧಣಿಯಾದ ಅಚ್ಯುತ್ ಕುಮಾರ್ ಅವರ ನಗುವನ್ನು ಉತ್ತರದವರೂ ಗುರುತಿಸುತ್ತಾರೆ.

ಪ್ರಶಸ್ತಿಗಳಿವೆಯಾ?

ಇವೆ. ರಾಷ್ಟ್ರಪ್ರಶಸ್ತಿಯಲ್ಲಿ ಪೋಷಕ ನಟ ವಿಭಾಗ ಸೇರಿದ್ದು 1984ರ ಸಾಲಿನಿಂದ. ದತ್ತಣ್ಣ 2000ದ ಸಾಲಿನಲ್ಲಿ 'ಮುನ್ನುಡಿ' ಚಿತ್ರಕ್ಕೆ ಅದನ್ನು ಪಡೆದರು. ರಾಜ್ಯ ಸರ್ಕಾರದ ಪೋಷಕ ನಟ ಪ್ರಶಸ್ತಿ ಕೆ.ಎಸ್. ಅಶ್ವತ್ಥ್ ಹೆಸರಿನಲ್ಲಿದೆ. ಪ್ರಶಸ್ತಿ ಬಂದ ಮೇಲೆ ಪೇಮೆಂಟ್ ಜಾಸ್ತಿಯಾಗುತ್ತದಾ ಅಂತ ಕೇಳಬೇಡಿ. "ಈಗ ಅವರು ದುಬಾರಿ ಆಗಿರುತ್ತಾರೆ ಬಿಡಿ" ಅಂತ ಕರೆಯುವುದನ್ನೇ ನಿಲ್ಲಿಸಿದ ಉದಾಹರಣೆಯೂ ಇದೆ.

ಕೆಲಸ ನಿಂತುಹೋದರೆ?

ನಿಲ್ಲುತ್ತದೆ, ಎಲ್ಲರಿಗೂ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ದಿನದ ಪೇಮೆಂಟ್ ನಂಬಿದವರ ಸ್ಥಿತಿ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಪಿಎಫ್ ಇಲ್ಲ, ಪೆನ್ಷನ್ ಇಲ್ಲ. ಅಶ್ವತ್ಥ್ ಅವರ ಮಗ ಶಂಕರ್ ಅಶ್ವತ್ಥ್ ಅವಕಾಶ ಕಮ್ಮಿಯಾದಾಗ ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಮರುಗಿದವರು ಬಹಳ. ನನಗೆ ಅದರಲ್ಲಿ ಮರುಗುವಂಥದ್ದು ಕಾಣಲಿಲ್ಲ. ಅವರು ಬಚ್ಚಿಡಲಿಲ್ಲ, ಆಮೇಲೆ ಮತ್ತೆ ಕರೆಗಳು ಬಂದವು. ಇನ್ನೊಂದು ಕಸುಬು ಕೈಯಲ್ಲಿರುವವರು ಕೆಟ್ಟ ಪಾತ್ರಕ್ಕೆ ಧೈರ್ಯವಾಗಿ ಇಲ್ಲ ಅನ್ನುತ್ತಾರೆ. ಡಬ್ಬಿಂಗ್, ರಂಗಶಿಬಿರ, ನಿರೂಪಣೆ, ಟ್ಯೂಷನ್, ಏನಾದರೂ ಇರಲಿ. ಆರೋಗ್ಯ ವಿಮೆ ಮಾತ್ರ ಮೊದಲ ಪೇಮೆಂಟಿನಲ್ಲೇ ಮಾಡಿಸಿ.

ಪೋಷಕ ನಟರಿಗೆ ಮುಖ್ಯ ಪಾತ್ರ ಯಾವತ್ತಾದರೂ ಸಿಗುತ್ತದಾ?

ಸಿಗುತ್ತದೆ, ತಡವಾಗಿ. 'ಮೌನಿ', 'ಭಾರತ್ ಸ್ಟೋರ್ಸ್' ಎರಡೂ ದತ್ತಣ್ಣನ ಹೆಗಲ ಮೇಲೆ ನಿಂತ ಚಿತ್ರಗಳು. 2007ರ 'ದುನಿಯಾ'ದಲ್ಲಿ ಸತ್ಯಣ್ಣನಾಗಿ ಎಲ್ಲರ ಬಾಯಲ್ಲಿ ಉಳಿದ ರಂಗಾಯಣ ರಘು 2024ರ 'ಶಾಖಾಹಾರಿ'ಯಲ್ಲಿ ಇಡೀ ಕಥೆ ಹೊತ್ತರು. ಮಲೆನಾಡಿನ ಸಣ್ಣ ಹೋಟೆಲ್, ಅಡುಗೆ ಮನೆ, ಅದರೊಳಗೆ ಆ ಮನುಷ್ಯ. ಹದಿನೇಳು ವರ್ಷದ ಅಂತರ.

ಮೊದಲ ದಿನ ಸೆಟ್‌ಗೆ ಏನು ತಗೊಂಡು ಹೋಗಲಿ?

ಎರಡು ಜತೆ ಸಾದಾ ಬಟ್ಟೆ, ಗೀಟಿಲ್ಲದ್ದು, ಕಂಪನಿ ಹೆಸರಿಲ್ಲದ್ದು. ಸೀರಿಯಲ್‌ನಲ್ಲಿ ಎಷ್ಟೋ ಸಲ ಕಾಸ್ಟ್ಯೂಮ್ ನಿಮ್ಮದೇ. ಒಂದು ಬಿಳಿ ಪಂಚೆ ಇರಲಿ, ಯಾವಾಗಲಾದರೂ ಕೇಳುತ್ತಾರೆ. ಚಪ್ಪಲಿ ಸದ್ದು ಮಾಡಬಾರದು. ನೀರಿನ ಬಾಟಲಿ, ಪೆನ್ನು, ಫೋನ್ ಚಾರ್ಜರ್. ಕೈಗಡಿಯಾರ ಕಟ್ಟಿಕೊಂಡು ಹೋದರೆ ಯಾವ ಕೈಗೆ ಕಟ್ಟಿದ್ದಿರಿ ಅಂತ ಫೋಟೋ ತೆಗೆದಿಟ್ಟುಕೊಳ್ಳಿ, ಮೂರು ವಾರ ಆದ ಮೇಲೆ ಅದೇ ಸೀನ್‌ನ ಉಳಿದ ಅರ್ಧ ತೆಗೆಯುತ್ತಾರೆ. ಕಾಲ್‌ಟೈಮ್ ಏಳು ಅಂದರೆ ಆರೂಮುಕ್ಕಾಲಿಗೆ ಅಲ್ಲಿರಿ. ಏಳೂವರೆಗೆ ಬಂದರೂ ಯಾರೂ ಏನೂ ಅನ್ನುವುದಿಲ್ಲ, ಮ್ಯಾನೇಜರ್ ಮಾತ್ರ ನೋಡಿರುತ್ತಾನೆ.

ತಿಂಡಿಗೆ ದೋಸೆ ಇದ್ದರೆ?

ತಿನ್ನಿ. ಊಟದ ಸೀನ್ ಇದೆಯಾ ಅಂತ ಅಸಿಸ್ಟೆಂಟ್ ಹತ್ತಿರ ಕೇಳಿಕೊಂಡು ತಿನ್ನಿ.